ಗ್ರೀನ್ ಟೀ ಎಲೆ, ಬ್ಯಾಗು, ಮಾಚಾ, ಕ್ಯಾಪ್ಸೂಲ್: ಕ್ಯಾನ್ಸರ್ ಭಯಕ್ಕೆ ತಗೊಳ್ಳೋದಾದ್ರೆ ಯಾವ್ದು ತಗೋಬೇಕು?

ನಾನು ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ಕೌಂಟರಲ್ಲಿ ನಿಲ್ಲೋ ಫಾರ್ಮಸಿಸ್ಟ್. ಈ ಪ್ರಶ್ನೆ ಈಗೀಗ ವಾರಕ್ಕೆ ಮೂರ್ನಾಲ್ಕು ಸಲ ಆದ್ರೂ ಬರತ್ತೆ. ಮನೇಲಿ ಯಾರಿಗೋ ಕ್ಯಾನ್ಸರ್ ಆಗಿರತ್ತೆ, ಅಕ್ಕನಿಗೋ ಅತ್ತೆಗೋ, ನಾಳೆ ನಂಗೂ ಬಂದ್ರೆ ಅನ್ನೋ ಭಯ ಎದೇಲಿ ಕೂತಿರತ್ತೆ, ಅಷ್ಟೊತ್ತಿಗೆ ಯಾರೋ ವಾಟ್ಸಾಪಲ್ಲಿ ಗ್ರೀನ್ ಟೀ ಕುಡಿದ್ರೆ ಕ್ಯಾನ್ಸರ್ ಹತ್ರಾನೂ ಬರಲ್ಲ ಅಂತ ವಿಡಿಯೋ ಕಳಿಸಿರ್ತಾರೆ. ಒಂದು ಕೈಲಿ ಟೀ ಬ್ಯಾಗಿನ ಡಬ್ಬಿ, ಇನ್ನೊಂದು ಕೈಲಿ ಎಕ್ಸ್‌ಟ್ರಾಕ್ಟ್ (ಟೀ ಎಲೆಯಿಂದ ತೆಗೆದ ಗಟ್ಟಿ ಸಾರ) ಕ್ಯಾಪ್ಸೂಲ್ ಬಾಟ್ಲಿ ಹಿಡ್ಕೊಂಡು, ಇದ್ರಲ್ಲಿ ಯಾವ್ದು ಸ್ಟ್ರಾಂಗು ಹೇಳಿ ಅಣ್ಣಾ ಅಂತಾರೆ. ಕೌಂಟರಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳೋ ವಿಷಯ ಅಲ್ಲ ಇದು, ಅದಕ್ಕೆ ಕೂತು ಬರೀತಿದೀನಿ.

ಬರೆಯೋಕೆ ನಂಗೆ ಇನ್ನೊಂದು ಕಾರಣಾನೂ ಇದೆ. ನಮ್ಮ ಚಿಕ್ಕಮ್ಮಂಗೆ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ನು, ಕೀಮೋ ಎಲ್ಲ ಮುಗಿದು ಆರಾಮಾಗಿದ್ರು. ಫಾಲೋಅಪ್ಪಿಗೆ ಹೋದಾಗ ಬ್ಲಡ್ ಟೆಸ್ಟಲ್ಲಿ ಲಿವರ್ ಹೇಗಿದೆ ಅಂತ ತೋರಿಸೋ ಎಸ್‌ಜಿಪಿಟಿ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಬಂದಿತ್ತು. ಮನೆಯೋರೆಲ್ಲ ಲಿವರಿಗೆ ಹರಡಿದ್ಯೇನೋ ಅಂತ ಒಂದು ವಾರ ಊಟ ನಿದ್ದೆ ಬಿಟ್ಟಿದ್ವಿ. ಸ್ಕ್ಯಾನಲ್ಲಿ ಏನೂ ಇರ್ಲಿಲ್ಲ. ಆಮೇಲೆ ಡಾಕ್ಟ್ರು ಬೇರೆ ಏನಾದ್ರೂ ತಗೋತಿದೀರಾ ಅಂತ ಬಿಡದೆ ಕೇಳಿದಾಗ, ಆನ್‌ಲೈನಲ್ಲಿ ತರಿಸಿದ ಗ್ರೀನ್ ಟೀ ಕ್ಯಾಪ್ಸೂಲು ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಎರಡೆರಡು ನುಂಗ್ತಿದ್ದಿದ್ದು ಗೊತ್ತಾಯ್ತು. "ಅದು ಟೀ ತಾನೇ, ಔಷಧಿ ಅಲ್ವಲ್ಲ, ಅದಕ್ಕೆ ಹೇಳ್ಲಿಲ್ಲ" ಅಂದ್ರು. ನಿಲ್ಲಿಸಿದ್ರು, ಎರಡು ತಿಂಗಳಲ್ಲಿ ನಾರ್ಮಲ್ಲಿಗೆ ಬಂತು. ಮನೇಲೇ ಒಬ್ಬ ಫಾರ್ಮಸಿಸ್ಟ್ ಇದ್ದೂ ಅವರನ್ನ ಈ ಮಾತು ಕೇಳಿರ್ಲಿಲ್ಲ ಅನ್ನೋದು ನಂಗೆ ಇವತ್ತಿಗೂ ಚುಚ್ಚತ್ತೆ.

ಮೊದ್ಲು ಒಳಗಡೆ ಏನಿದೆ ನೋಡೋಣ. ಗ್ರೀನ್ ಟೀ, ನಾವು ದಿನಾ ಹಾಲು ಹಾಕಿ ಕುಡಿಯೋ ಟೀ, ಎರಡೂ ಒಂದೇ ಗಿಡದ್ದು. ಎಲೆ ಕಿತ್ತಮೇಲೆ ಹಬೆ ಕೊಟ್ಟೋ ಬಾಣಲೇಲಿ ಹುರಿದೋ ಬೇಗ ಬಿಸಿ ಮಾಡಿದ್ರೆ ಅದು ಕಪ್ಪಾಗಲ್ಲ, ಹಸಿರಾಗೇ ಉಳಿಯತ್ತೆ. ಜಪಾನಲ್ಲಿ ಹಬೆ ಕೊಡ್ತಾರೆ, ಚೀನಾದಲ್ಲಿ ಹೆಚ್ಚಾಗಿ ಹುರೀತಾರೆ. ಹಿಂಗೆ ಮಾಡಿದ್ರೆ ಎಲೇಲಿರೋ ಕ್ಯಾಟೆಚಿನ್ ಅನ್ನೋ ವಸ್ತುಗಳು ಹಾಗೇ ಉಳ್ಕೊಳತ್ವೆ, ಬಾಯಿಗೆ ಹಾಕಿದ ತಕ್ಷಣ ಅಡಿಕೆ ಚೊಗರಿನ ಥರ ಒಗರು ಒಗರು ಆಗತ್ತಲ್ಲ, ಅದರಲ್ಲಿ ದೊಡ್ಡ ಪಾಲು ಇವುದೇ. ಈ ಕ್ಯಾಟೆಚಿನ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋದು, ಎಲ್ಲಕ್ಕಿಂತ ಹೆಚ್ಚು ಸಂಶೋಧನೆ ಆಗಿರೋದು ಇಜಿಸಿಜಿ. ಕ್ಯಾನ್ಸರ್ ಸುದ್ದಿ ಎಲ್ಲ ಸುತ್ತೋದು ಇದರ ಸುತ್ತಾನೇ.

ಲ್ಯಾಬಲ್ಲಿ ಇಜಿಸಿಜಿ ನಿಜವಾಗ್ಲೂ ಕೆಲಸ ಮಾಡತ್ತೆ, ಅದು ಸುಳ್ಳಲ್ಲ. ಗಾಜಿನ ತಟ್ಟೇಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿದ್ರೆ ಅವು ಬೆಳೆಯೋದು ನಿಧಾನ ಆಗತ್ತೆ, ಸಾಯತ್ವೆ ಕೂಡ. ಆದ್ರೆ ಅಲ್ಲಿ ಹಾಕೋ ಸಾಂದ್ರತೆ ಎಷ್ಟು ಅಂದ್ರೆ, ನೀವು ಎರಡು ಮೂರು ಕಪ್ ಕುಡಿದಮೇಲೆ ರಕ್ತದಲ್ಲಿ ಸಿಗೋದಕ್ಕಿಂತ ಎಷ್ಟೋ ಸಲ ಹತ್ತು ಪಟ್ಟು, ನೂರು ಪಟ್ಟು. ಹೊಟ್ಟೆಗೆ ಹೋದ ಇಜಿಸಿಜಿಲಿ ರಕ್ತ ಸೇರೋದು ತೀರಾ ಸ್ವಲ್ಪ, ಸೇರಿದ್ದೂ ಕೆಲವೇ ಗಂಟೇಲಿ ಹೊರಗೆ ಹೋಗತ್ತೆ. ವಿಡಿಯೋದಲ್ಲಿ ಈ ಒಂದು ಮಾತು ಹೇಳಲ್ಲ ನೋಡಿ.

ಹಾಗಾಗಿ ಆಯ್ಕೆ ಮಾಡೋವಾಗ ಸ್ಟ್ರಾಂಗು ಯಾವ್ದು ಅಂತ ಒಂದನ್ನೇ ನೋಡ್ಬೇಡಿ. ನಾನು ನೋಡೋದು ಹೀಗೆ: ಆ ರೂಪದಲ್ಲಿ ತಗೊಂಡ ಮನುಷ್ಯರ ಮೇಲೆ ಮಾಡಿದ ಪರೀಕ್ಷೆ ಏನು ಹೇಳತ್ತೆ, ಅದ್ರಿಂದ ಲಿವರಿಗೆ, ರಕ್ತಕ್ಕೆ, ಈಗ ತಗೊಳ್ತಿರೋ ಮಾತ್ರೆಗಳಿಗೆ ತೊಂದ್ರೆ ಎಷ್ಟು, ಒಂದು ದಿನಕ್ಕೆ ಖರ್ಚೆಷ್ಟು, ಆಮೇಲೆ ಒಂದು ವರ್ಷ ಆದ್ಮೇಲೂ ನೀವು ಅದನ್ನ ಕುಡೀತಾ ಇರ್ತೀರಾ. ಇಜಿಸಿಜಿ ಎಷ್ಟಿದೆ ಅನ್ನೋದು ಇದೆಲ್ಲದರ ಜೊತೆಗೆ ಬರೋ ಇನ್ನೊಂದು ಲೆಕ್ಕ.

ಮನುಷ್ಯರ ಪರೀಕ್ಷೆ ವಿಷಯ ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಅದು ಎಲ್ಲ ಆಯ್ಕೆಗೂ ಅನ್ವಯ ಆಗತ್ತೆ. ಜಪಾನಿನ ಮಿಯಾಗಿ ಪ್ರಾಂತ್ಯದಲ್ಲಿ 40,530 ಜನರನ್ನ 1994ರಿಂದ ವರ್ಷಗಟ್ಟಲೆ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಕೊಟ್ರು. ದಿನಕ್ಕೆ 5 ಕಪ್ಪು, ಅದಕ್ಕಿಂತ ಜಾಸ್ತಿ ಕುಡಿಯೋರಲ್ಲಿ ಒಟ್ಟಾರೆ ಸಾವು ಕಮ್ಮಿ, ಹಾರ್ಟು ಸ್ಟ್ರೋಕಿನ ಸಾವು ಇನ್ನೂ ಕಮ್ಮಿ, ಆದ್ರೆ ಕ್ಯಾನ್ಸರ್ ಸಾವಲ್ಲಿ ವ್ಯತ್ಯಾಸಾನೇ ಕಾಣ್ಲಿಲ್ಲ. ಅದೇ ಮಿಯಾಗಿಯಲ್ಲಿ ಹೊಟ್ಟೆ ಕ್ಯಾನ್ಸರ್ ಬಗ್ಗೇನೇ ಬೇರೆ ಅಧ್ಯಯನ 2001ರಲ್ಲಿ ಬಂತು, ಗ್ರೀನ್ ಟೀ ಕುಡಿಯೋರಿಗೂ ಕುಡಿಯದೋರಿಗೂ ಅಲ್ಲೂ ಫರಕ್ಕು ಸಿಗ್ಲಿಲ್ಲ. ಇನ್ನೊಂದು ಕಡೆ ಶಾಂಘೈನ ಹೆಂಗಸರ ದೊಡ್ಡ ಅಧ್ಯಯನದಲ್ಲಿ ದಿನಾ ಗ್ರೀನ್ ಟೀ ಕುಡಿಯೋರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಕಮ್ಮಿ ಬಂದಿತ್ತು. 2020ರಲ್ಲಿ, ಬೇರೆಯೋರ ವೈದ್ಯಕೀಯ ಅಧ್ಯಯನಗಳನ್ನ ಒಟ್ಟು ಹಾಕಿ ಪರಿಶೀಲಿಸೋ ಕಾಕ್ರನ್ ಸಂಸ್ಥೆಯೋರು 142 ಅಧ್ಯಯನ, 11 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಹಾಕಿ ನೋಡಿದ್ರು, ಒಂದಕ್ಕೊಂದು ತಾಳೆ ಆಗಲ್ಲ, ಕ್ಯಾನ್ಸರ್ ತಡೆಯತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ ಅನ್ನೋ ತೀರ್ಮಾನಕ್ಕೆ ಬಂದ್ರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೇನೂ ಕ್ಯಾನ್ಸರ್ ತಡೆಯೋಕೆ ಟೀ ಕುಡೀರಿ ಅಂತಾನೂ ಹೇಳಿಲ್ಲ, ಬೇಡ ಅಂತಾನೂ ಹೇಳಿಲ್ಲ.

ಈಗ ಒಂದೊಂದಾಗಿ ಬರೋಣ.

ಬಿಡಿ ಎಲೆ, ಅಂದ್ರೆ ಪ್ಯಾಕೆಟಲ್ಲಿ ತೂಕಕ್ಕೆ ಸಿಗೋ ಟೀ ಸೊಪ್ಪು. ನನ್ನ ವೋಟು ಇದಕ್ಕೆ. ನೀಲಗಿರಿದು ನಮ್ಮಲ್ಲಿ ಸುಲಭವಾಗಿ ಸಿಗತ್ತೆ, ಕಾಂಗ್ಡಾದ್ದೂ ಚೆನ್ನಾಗಿರತ್ತೆ. ಒಂದು ಕಪ್ಪಿಗೆ ಸುಮಾರು 2 ಗ್ರಾಂ ಸಾಕು, ನಾನು ನೋಡಿದ ಹಾಗೆ 100 ಗ್ರಾಂಗೆ 200ರಿಂದ 400 ರೂಪಾಯಿ ಇದೆ, ಅಂದ್ರೆ ಕಪ್ಪಿಗೆ 4ರಿಂದ 8 ರೂಪಾಯಿ. ಅದೇ ಎಲೆಗೆ ಇನ್ನೊಂದ್ಸಲ ಬಿಸಿನೀರು ಹಾಕಬಹುದು, ರುಚಿ ಇರತ್ತೆ, ಖರ್ಚು ಅರ್ಧ ಆಗತ್ತೆ. ಇಜಿಸಿಜಿ ಒಂದು ಕಪ್ಪಿಗೆ ಸಾಮಾನ್ಯವಾಗಿ 50ರಿಂದ 100 ಮಿ.ಗ್ರಾಂ ಸಿಗತ್ತೆ. ತುಂಬ ಜನ ಹಾಲಿನ ಟೀ ಥರ ಎಲೆ ಹಾಕಿ ಗ್ಯಾಸ್ ಮೇಲೆ ಕುದಿಸ್ತಾರೆ, ವಿಷದಂಥ ಕಹಿ ಬರತ್ತೆ, ನಾಲ್ಕು ದಿನಕ್ಕೆ ಬಿಡ್ತಾರೆ. ಹಂಗೆ ಮಾಡ್ಬೇಡಿ. ನೀರು ಕುದಿ ಬಂದಮೇಲೆ ಸ್ಟವ್ ಆಫ್ ಮಾಡಿ, ಮೂರ್ನಾಲ್ಕು ನಿಮಿಷ ಬಿಡಿ, ತಳದಿಂದ ಏಳೋ ಗುಳ್ಳೆ ಪೂರ್ತಿ ನಿಂತು ಮೇಲೆ ಬರೀ ಹಬೆ ಆಡ್ತಿರೋವಾಗ ಎಲೆ ಹಾಕಿ ಮುಚ್ಚಿ. 3 ನಿಮಿಷಕ್ಕೆ ಎಲೆ ಬಿಚ್ಕೊಂಡು ತಳಕ್ಕೆ ಇಳಿದಿರತ್ತೆ, ನೀರು ಎಳೆ ಹೊಂಬಣ್ಣಕ್ಕೆ ತಿರುಗಿರತ್ತೆ, ಆಗ ಸೋಸಿ. ಇನ್ನೂ ಬಿಟ್ರೆ ಒಗರು ಜಾಸ್ತಿ. ನಾಲ್ಕು ಹನಿ ನಿಂಬೆಹಣ್ಣಿನ ರಸ ಹಿಂಡಿದ್ರೆ ಕ್ಯಾಟೆಚಿನ್ ಕರುಳಲ್ಲಿ ಬೇಗ ಹಾಳಾಗಲ್ಲ ಅಂತ ಲ್ಯಾಬ್ ಪರೀಕ್ಷೆ ಇದೆ, ರುಚಿಗೂ ಒಳ್ಳೇದೇ.

ಸೋಸಿದ ತಕ್ಷಣ ಮಾತ್ರ ಕುಡೀಬೇಡಿ. ಇದನ್ನ ನಾನು ಎಲ್ರಿಗೂ ಹೇಳ್ತೀನಿ, ಯಾಕಂದ್ರೆ ಟೀ ಕ್ಯಾನ್ಸರ್ ತಡೆಯತ್ತೋ ಇಲ್ವೋ ಅನ್ನೋದಕ್ಕಿಂತ ಸುಡೋ ಸುಡೋ ಕುಡಿದ್ರೆ ಅನ್ನನಾಳದ ಕ್ಯಾನ್ಸರಿಗೆ ದಾರಿ ಆಗಬಹುದು ಅನ್ನೋದಕ್ಕೇ ಆಧಾರ ಗಟ್ಟಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ 65 ಡಿಗ್ರಿಗಿಂತ ಬಿಸಿ ಇರೋ ಯಾವ ಪಾನೀಯ ಆದ್ರೂ ಬಹುಶಃ ಕ್ಯಾನ್ಸರ್‌ಕಾರಕ ಅಂತ ಸೇರಿಸ್ತು, ಇರಾನಿನ ಗೋಲೆಸ್ತಾನ್ ಕಡೆ ಬಿಸಿ ಬಿಸಿ ಚಹಾ ಕುಡಿಯೋ ಜನರಲ್ಲಿ ಇದನ್ನ ಚೆನ್ನಾಗಿ ನೋಡಿದಾರೆ. ಸ್ಟೀಲ್ ಲೋಟ ಸೆರಗಲ್ಲಿ ಹಿಡ್ಕೊಂಡು ಕುಡಿಯೋಷ್ಟು ಬಿಸಿ ಇದ್ರೆ ಅದು ಇನ್ನೂ ಕುಡಿಯೋ ಹದಕ್ಕೆ ಬಂದಿಲ್ಲ.

ಟೀ ಬ್ಯಾಗು. ಆಫೀಸಿಗೆ, ಹಾಸ್ಟೆಲಿಗೆ ಇದೇ ಅನುಕೂಲ, ಇಷ್ಟೇ. ಒಂದು ಬ್ಯಾಗಿಗೆ 6-7 ರೂಪಾಯಿ ಬೀಳತ್ತೆ. ಒಳಗಿರೋದು ಸಣ್ಣ ಚೂರು, ಬೇಗ ಬಿಡತ್ತೆ, ಆದ್ರೆ ಹಳೇ ಸ್ಟಾಕ್ ಆದಷ್ಟೂ ಕ್ಯಾಟೆಚಿನ್ ಇಳೀತಾ ಹೋಗತ್ತೆ, ಅದಕ್ಕೆ ಪ್ಯಾಕ್ ಮಾಡಿದ ತಾರೀಖು ನೋಡಿ ತಗೊಳ್ಳಿ. ಮುಟ್ಟಿದ್ರೆ ರೇಷ್ಮೆ ಥರ ನುಣ್ಣಗಿರೋ, ಪಿರಮಿಡ್ ಆಕಾರದ ಪ್ಲಾಸ್ಟಿಕ್ ಬ್ಯಾಗು ಬೇಡ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದೋರು 2019ರಲ್ಲಿ ಅಂಥಾ ಒಂದೇ ಬ್ಯಾಗು ಬಿಸಿನೀರಿಗೆ ಕೋಟಿಗಟ್ಟಲೆ ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡತ್ತೆ ಅಂತ ತೋರಿಸಿದ್ರು. ಪೇಪರ್ ಬ್ಯಾಗು ನೋಡಿ. ತುಳಸಿ ಶುಂಠಿ ಜೇನು ಅಂತ ಬರೋದ್ರಲ್ಲಿ ನಿಜವಾದ ಟೀ ಎಲೆ ಎಷ್ಟು ಪರ್ಸೆಂಟ್ ಇದೆ ಅಂತ ಡಬ್ಬಿ ಹಿಂದೆ ಓದಿ.

ಮಾಚಾ ಬೇರೆ ಕಥೆ. ಜಪಾನಲ್ಲಿ ಟೀ ಗಿಡಕ್ಕೆ ಕೀಳೋ ಮೊದ್ಲು ಕೆಲವು ವಾರ ನೆರಳು ಕಟ್ಟಿ, ಆ ಎಲೇನ ಕಲ್ಲಲ್ಲಿ ನುಣ್ಣಗೆ ಬೀಸಿದ ಪುಡಿ ಇದು, ಸೋಸೋದಿಲ್ಲ, ಎಲೇನೇ ಕುಡೀತೀರ. ಹಾಗಾಗಿ ಕಪ್ಪಿಗೆ ಇಜಿಸಿಜಿ ಜಾಸ್ತಿ ಸಿಗೋದು ನಿಜ. ಆದ್ರೆ 137 ಪಟ್ಟು ಜಾಸ್ತಿ ಅಂತ ಎಲ್ಲಾ ಕಡೆ ಓಡಾಡತ್ತಲ್ಲ, ಅದು 2003ರ ಒಂದು ಅಧ್ಯಯನದ್ದು, ಒಂದೇ ಒಂದು ಬ್ರ್ಯಾಂಡಿನ ಗ್ರೀನ್ ಟೀ ಜೊತೆ ಹೋಲಿಸಿದ್ದು. ಅದೇ ಅಧ್ಯಯನದಲ್ಲೇ ಬೇರೆ ಒಳ್ಳೇ ಗ್ರೀನ್ ಟೀಗಳ ಜೊತೆ ನೋಡಿದ್ರೆ ಮೂರು ಪಟ್ಟು ಅಂತಾನೂ ಇದೆ, ಆ ಸಾಲನ್ನ ಯಾರೂ ಹಾಕಲ್ಲ. ಎಲೇನ ಪೂರ್ತಿ ನುಂಗೋದ್ರಿಂದ ಗಿಡ ಮಣ್ಣಿಂದ ಹೀರ್ಕೊಂಡ ಸೀಸ ಅನ್ನೋ ವಿಷದ ಲೋಹಾನೂ ಪೂರ್ತಿ ಹೊಟ್ಟೆಗೇ ಹೋಗತ್ತೆ, ಸೋಸಿದ ಟೀಲಿ ಅದರ ಹೆಚ್ಚಿನ ಪಾಲು ಎಲೇಲೇ ಉಳಿಯತ್ತೆ. ಕೆಫೀನೂ ಜಾಸ್ತಿ, ವಿಟಮಿನ್ ಕೆ ಕೂಡ ಜಾಸ್ತಿ, ಅದಕ್ಕೆ ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳದೆ ಮುಟ್ಟಬಾರದು. ರೇಟು ನೋಡಿದ್ರೆ ಒಂದು ಕಪ್ಪಿಗೆ 40 ರೂಪಾಯಿಂದ ಮೇಲೇನೇ. ರುಚಿ ಇಷ್ಟ ಇದ್ದು ಕೈಲಿ ದುಡ್ಡಿದ್ರೆ ದಿನಕ್ಕೊಂದು ಕಪ್ ಕುಡೀರಿ, ತಪ್ಪೇನಿಲ್ಲ, ಕ್ಯಾನ್ಸರ್ ಹೆಸರಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಇದಕ್ಕೆ ಹಾಕ್ಬೇಡಿ.

ಬಾಟ್ಲೀಲಿ ಬರೋ ತಣ್ಣನೆ ಗ್ರೀನ್ ಟೀ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕ್ಯಾಟೆಚಿನ್ ಕಮ್ಮಿ, ಎಷ್ಟೋ ಬಾಟ್ಲೀಲಿ ಸಕ್ಕರೆ ಜಾಸ್ತಿ. ಶುಗರ್ ಇರೋರು ಆರೋಗ್ಯಕ್ಕೆ ಅಂತ ಕೊಳ್ಳೋದು ನೋಡಿದ್ರೆ ಸಂಕಟ ಆಗತ್ತೆ. ಹಾಲಿನ ಟೀ ಬಿಟ್ಟು ಗ್ರೀನ್ ಟೀಗೆ ಬರಬೇಕಾ ಅಂತ ಕೇಳೋರೂ ಇದಾರೆ. ಕಪ್ಪು ಟೀಲೂ ಬೇರೆ ಥರದ ಪಾಲಿಫಿನಾಲ್ (ಕ್ಯಾಟೆಚಿನ್ ಸೇರೋ ದೊಡ್ಡ ಗುಂಪಿನ ವಸ್ತುಗಳು) ಇದ್ದೇ ಇರತ್ತೆ, ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕೋ ಅಭ್ಯಾಸ ಇದ್ರೆ ಅದನ್ನ ಇಳಿಸಿ, ಅಷ್ಟೇ ದೊಡ್ಡ ಲಾಭ.

ಇನ್ನು ಕ್ಯಾಪ್ಸೂಲು. ಜನ ತುಂಬ ಕೇಳೋದೂ ಇದನ್ನೇ, ನಾನು ತುಂಬ ಹೆದರೋದೂ ಇದಕ್ಕೇ. ಆಸೆ ಹುಟ್ಟಿಸಿದ ಪರೀಕ್ಷೆ ಇಟಲಿದು, 2006ರಲ್ಲಿ ಬಂದಿದ್ದು. ಪ್ರಾಸ್ಟೇಟ್‌ನಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಶುರುವಾಗಿದ್ದ 60 ಗಂಡಸರು, ಅರ್ಧ ಜನಕ್ಕೆ ದಿನಾ 600 ಮಿ.ಗ್ರಾಂ ಕ್ಯಾಟೆಚಿನ್, ಇನ್ನರ್ಧಕ್ಕೆ ಬರೀ ಹುಸಿ ಮಾತ್ರೆ. ಒಂದು ವರ್ಷ ಆದ್ಮೇಲೆ ಕ್ಯಾಟೆಚಿನ್ ತಗೊಂಡ 30 ಜನರಲ್ಲಿ ಒಬ್ಬರಿಗೆ ಕ್ಯಾನ್ಸರ್, ಹುಸಿ ಮಾತ್ರೆಯ 30 ಜನರಲ್ಲಿ 9 ಜನಕ್ಕೆ. ಓದಿದ್ರೆ ಯಾರಿಗಾದ್ರೂ ಮೈ ಜುಂ ಅನ್ನತ್ತೆ. ಆದ್ರೆ ಅಮೆರಿಕದಲ್ಲಿ ಅಂಥದ್ದೇ ಸ್ಥಿತಿಯ 97 ಗಂಡಸರಿಗೆ ದಿನಾ 400 ಮಿ.ಗ್ರಾಂ ಇಜಿಸಿಜಿ ಒಂದು ವರ್ಷ ಕೊಟ್ಟು ನೋಡಿದಾಗ, 2015ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳೋ ವ್ಯತ್ಯಾಸ ಬರ್ಲಿಲ್ಲ. ಬಾಟ್ಲಿ ಮಾರೋರು ಮೊದಲನೇದನ್ನ ಮಾತ್ರ ತೋರಿಸ್ತಾರೆ. ಅಮೆರಿಕದ ಮಿನ್ನೆಸೋಟದಲ್ಲಿ ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ವರ್ಷ ಪೂರ್ತಿ ದಿನಾ ಸುಮಾರು 840 ಮಿ.ಗ್ರಾಂ ಇಜಿಸಿಜಿ ಇರೋ ಎಕ್ಸ್‌ಟ್ರಾಕ್ಟ್ ಕೊಟ್ಟು ನೋಡಿದ್ರು, ಸ್ತನ ಕ್ಯಾನ್ಸರ್ ಅಪಾಯದ ಒಂದು ಗುರುತು ಅಂತ ನೋಡೋ ಸ್ತನದ ದಟ್ಟಣೆ ಒಟ್ಟಾರೆ ಇಳೀಲಿಲ್ಲ, ಆದ್ರೆ ಎಕ್ಸ್‌ಟ್ರಾಕ್ಟ್ ತಗೊಂಡೋರಲ್ಲಿ ನೂರಕ್ಕೆ 5 ಜನರ ಲಿವರ್ ಟೆಸ್ಟ್ ಚೆನ್ನಾಗೇ ಏರುಪೇರಾಯ್ತು, ಹುಸಿ ಮಾತ್ರೇಲಿ ಅದು ನೂರಕ್ಕೆ ಒಬ್ಬರೂ ಇಲ್ಲ. ನಮ್ಮ ಚಿಕ್ಕಮ್ಮನ ವಿಷಯ ಆದ್ಮೇಲೆ ಇದನ್ನ ಓದಿದಾಗ ನಂಗೆ ಕೈ ನಡುಗಿತ್ತು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದಿನಕ್ಕೆ 800 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ಮಾತ್ರೆ ರೂಪದಲ್ಲಿ ಹೋದ್ರೆ ಲಿವರ್ ಎನ್‌ಜೈಮ್ ಏರತ್ತೆ ಅಂತ ಹೇಳ್ತು, 2022ರಿಂದ ಅಲ್ಲಿ ಅದಕ್ಕೆ ಕಾನೂನೂ ಬಂತು, ಖಾಲಿ ಹೊಟ್ಟೇಲಿ ತಗೋಬೇಡಿ ಅಂತ ಲೇಬಲ್ ಮೇಲೆ ಬರೆಯಲೇಬೇಕು. ಖಾಲಿ ಹೊಟ್ಟೇಲಿ ಇಜಿಸಿಜಿ ರಕ್ತಕ್ಕೆ ಒಮ್ಮೆಲೇ ಜಾಸ್ತಿ ನುಗ್ಗತ್ತೆ. ಕೆಲವರ ಜೀನ್‌ನಲ್ಲೇ ಒಂದು ವಿಶೇಷ ಇರತ್ತೆ, ಎಚ್‌ಎಲ್‌ಎ-ಬಿ 35:01 ಅಂತ, ಅಂಥೋರಿಗೆ ಲಿವರ್ ಪೆಟ್ಟು ಬೀಳೋ ಸಾಧ್ಯತೆ ಹೆಚ್ಚು, ಅದು ನಮ್ಮಲ್ಲಿದೆಯಾ ಅಂತ ಯಾರೂ ಟೆಸ್ಟ್ ಮಾಡ್ಸಿರಲ್ಲ.

ಲೇಬಲ್ ಓದೋದು ಹೇಗೆ ಅಂತ ತೋರಿಸ್ತೀನಿ. ಎಕ್ಸ್‌ಟ್ರಾಕ್ಟ್ 500 ಮಿ.ಗ್ರಾಂ, 90% ಪಾಲಿಫಿನಾಲ್, 40% ಇಜಿಸಿಜಿ ಅಂತಿದ್ರೆ ಒಂದು ಕ್ಯಾಪ್ಸೂಲಲ್ಲಿ ಇಜಿಸಿಜಿ 200 ಮಿ.ಗ್ರಾಂ. ದಿನಕ್ಕೆ ಎರಡು ಅಂದ್ರೆ 400, ಜೊತೆಗೆ ಅದೇ ಮನುಷ್ಯ ತೂಕ ಇಳಿಸೋಕೆ ಅಂತ ಇನ್ನೊಂದು ಫ್ಯಾಟ್ ಬರ್ನರ್ ಪುಡಿ ತಗೋತಿದ್ರೆ ಅದರಲ್ಲೂ ಇದೇ ಎಕ್ಸ್‌ಟ್ರಾಕ್ಟ್ ಇರತ್ತೆ, 800 ದಾಟಿದ್ದು ಗೊತ್ತೇ ಆಗಲ್ಲ. ಇನ್ನು ಬರೀ 50% ಪಾಲಿಫಿನಾಲ್ ಅಂತ ಬರೆದು ಇಜಿಸಿಜಿ ಎಷ್ಟು ಅಂತ ಹೇಳ್ದೆ ಇದ್ರೆ ಆ ಬಾಟ್ಲಿ ವಾಪಸ್ ಇಡಿ. ಟೀ ಕುಡಿಯೋವಾಗ ನಾಲಿಗೇನೇ ಸಾಕು ಅನ್ನತ್ತೆ, ಕ್ಯಾಪ್ಸೂಲಿಗೆ ಆ ತಡೆ ಇಲ್ಲ.

ಇದೇ ವಸ್ತು ಔಷಧಿ ಆಗಿರೋ ಒಂದು ಜಾಗಾನೂ ಇದೆ, ಅದನ್ನ ಹೇಳದೆ ಇದ್ರೆ ಅನ್ಯಾಯ. ಎಚ್‌ಪಿವಿ ವೈರಸ್ಸಿಂದ ಜನನಾಂಗದ ಹತ್ರ ಬರೋ ನರಹುಲಿಗೆ ಗ್ರೀನ್ ಟೀ ಕ್ಯಾಟೆಚಿನ್ ಮುಲಾಮನ್ನ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಒಪ್ಪಿಕೊಂಡಿದೆ. ಅಳತೆ ಮಾಡಿ, ಪರೀಕ್ಷೆ ಮಾಡಿ, ಚರ್ಮದ ಮೇಲೆ ಹಚ್ಚೋದು ಅದು. ಅಂಥಾ ಪರೀಕ್ಷೆ ಪಾಸಾದ ಕ್ಯಾನ್ಸರ್ ತಡೆಯೋ ಕ್ಯಾಪ್ಸೂಲು ಇವತ್ತಿಗೂ ಬಂದಿಲ್ಲ.

ಹಾಗಾದ್ರೆ ನಿಮ್ಮನೇಲಿ ಯಾರಿಗೆ ಯಾವ್ದು?

ಆರೋಗ್ಯವಾಗಿದೀರಿ, ಟೀ ಇಷ್ಟ, ಬಜೆಟ್ಟು ಕಮ್ಮಿ ಅಂದ್ರೆ ಬಿಡಿ ಎಲೆ, ದಿನಕ್ಕೆ ಎರಡು ಮೂರು ಕಪ್ಪು, ಸಕ್ಕರೆ ಇಲ್ದೆ. ಆಫೀಸಲ್ಲಿ ಪೇಪರ್ ಬ್ಯಾಗು. ರಾತ್ರಿ ನಿದ್ದೆ ಬರಲ್ಲ ಅನ್ನೋರು ಮಧ್ಯಾಹ್ನ ಮೂರರ ಒಳಗೆ ಮುಗಿಸಿ, ಕೆಫೀನ್ ಕಾಫಿಗಿಂತ ಕಮ್ಮಿ ಆದ್ರೂ ಇದ್ದೇ ಇದೆ.

ರಕ್ತ ಕಮ್ಮಿ ಇರೋ ಹೆಣ್ಮಕ್ಕಳಿಗೆ ಹೊತ್ತು ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57%ಗೆ ರಕ್ತಹೀನತೆ ಇದೆ. ನಾವು ತಿನ್ನೋ ರಾಗಿ, ಸೊಪ್ಪು, ಕಾಳಿನ ಕಬ್ಬಿಣಾಂಶ ಮೊದ್ಲೇ ಸರಿಯಾಗಿ ಹೀರೋದಿಲ್ಲ, ಅದರ ಮೇಲೆ ಊಟದ ಜೊತೆ ಟೀ ಕುಡಿದ್ರೆ ಇನ್ನೂ ಕಮ್ಮಿ. ಮುದ್ದೆ ಸೊಪ್ಪಿನಸಾರು ಉಂಡು, ಕಬ್ಬಿಣದ ಮಾತ್ರೆ ನುಂಗಿ, ಹಿಂದೇನೇ ಗ್ರೀನ್ ಟೀ ಕುಡಿಯೋರನ್ನ ನೋಡಿದೀನಿ. ಊಟಕ್ಕೂ ಟೀಗೂ ಕಡೇಪಕ್ಷ ಒಂದು ಗಂಟೆ ಬಿಡಿ, ಮಾತ್ರೆಗೆ ಎರಡು ಗಂಟೆ. ಬಸುರಿಯರು ಒಂದು ಕಪ್ಪಿಗೆ ನಿಲ್ಸಿ, ಕ್ಯಾಪ್ಸೂಲು ಮಾಚಾ ಎರಡೂ ಬೇಡ.

ಕ್ಯಾನ್ಸರ್ ಟ್ರೀಟ್‌ಮೆಂಟ್ ನಡೀತಿದ್ರೆ ಕ್ಯಾಪ್ಸೂಲು ಬೇಡವೇ ಬೇಡ. ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರಿಗೆ ಕೊಡೋ ಬಾರ್ಟೆಜೊಮಿಬ್ ಅನ್ನೋ ಔಷಧಿಯ ಕೆಲಸಾನೇ ಇಜಿಸಿಜಿ ತಡೆಯತ್ತೆ ಅಂತ 2009ರಲ್ಲಿ ಜೀವಕೋಶ ಮತ್ತೆ ಇಲಿಗಳ ಮೇಲೆ ತೋರಿಸಿದಾರೆ. ಕೀಮೋ ಟೈಮಲ್ಲಿ ಬರೀ ಟೀ ಕುಡಿಯೋಕೂ ನಿಮ್ಮ ಕ್ಯಾನ್ಸರ್ ಡಾಕ್ಟ್ರನ್ನ ಒಂದು ಮಾತು ಕೇಳಿ.

ಎಲೆಅಡಿಕೆ, ಗುಟ್ಕಾ, ಬೀಡಿ ಅಭ್ಯಾಸ ಇರೋರು ಗ್ರೀನ್ ಟೀ ಕೇಳಿಕೊಂಡು ಬಂದ್ರೆ ನಂಗೆ ತುಂಬ ಬೇಜಾರಾಗತ್ತೆ. ಬೆಂಗಳೂರಲ್ಲೇ ಇರೋ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರದ 2020ರ ವರದಿಲಿ ದೇಶದ ಒಟ್ಟು ಕ್ಯಾನ್ಸರಲ್ಲಿ 27.1% ತಂಬಾಕಿಗೆ ಸಂಬಂಧಪಟ್ಟಿದ್ದು ಅಂತಿದೆ. ಅಡಿಕೇನೂ ಕ್ಯಾನ್ಸರ್‌ಕಾರಕ ಅಂತ 2004ರಲ್ಲೇ ಅಂತರರಾಷ್ಟ್ರೀಯ ವರದಿ ಬಂದಿದೆ. ಅಡಿಕೆ ನಮ್ಮ ಜಿಲ್ಲೆಯ ಅನ್ನ, ನಮ್ಮನೇದೂ ಎರಡೆಕರೆ ತೋಟ ಇದೆ, ಇದನ್ನ ಬರೆಯೋಕೆ ಕಷ್ಟ ಆಗತ್ತೆ, ಆದ್ರೂ ಬಾಯಲ್ಲಿ ಬಿಳಿ ಮಚ್ಚೆ ಇಟ್ಕೊಂಡು, ಬಾಯಿ ಪೂರ್ತಿ ತೆರೆಯಕ್ಕಾಗದೆ ಬರೋರನ್ನ ವಾರ ವಾರ ನೋಡಿದಮೇಲೆ ಬರೀದೆ ಇರಕ್ಕಾಗಲ್ಲ. ಅವ್ರಿಗೆ ಗ್ರೀನ್ ಟೀ ದುಡ್ಡಿಗಿಂತ ಮೊದ್ಲು ಬೇಕಿರೋದು ಅದನ್ನ ಬಿಡೋಕೆ ಸಹಾಯ. 30 ದಾಟಿದೋರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ದೆ ಮಾಡ್ತಾರೆ, ಮಗಳಿದ್ರೆ ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಬಗ್ಗೆ ಡಾಕ್ಟ್ರನ್ನ ಕೇಳಿ.

ಈಗಾಗ್ಲೇ ಕ್ಯಾಪ್ಸೂಲ್ ತಗೊಂಡು ಅರ್ಧ ಬಾಟ್ಲಿ ಮುಗ್ಸಿದೋರು ಇದನ್ನ ಓದಿ ಗಾಬರಿ ಆಗ್ಬೇಡಿ. ಇವತ್ತೇ ನಿಲ್ಲಿಸಿ. ಸುಸ್ತು, ಊಟ ಸೇರದೆ ಇರೋದು, ಕಣ್ಣು ಹಳದಿ, ಮೂತ್ರ ಕಡುಬಣ್ಣ, ಬಲಗಡೆ ಪಕ್ಕೆ ಕೆಳಗೆ ನೋವು, ಇದ್ರಲ್ಲಿ ಯಾವ್ದಾದ್ರೂ ಇದ್ರೆ ಅದೇ ದಿನ ಡಾಕ್ಟ್ರ ಹತ್ರ ಹೋಗಿ. ಏನೂ ಇಲ್ದಿದ್ರೂ ಒಂದು ಎಲ್‌ಎಫ್‌ಟಿ, ಅಂದ್ರೆ ಲಿವರಿನ ಬ್ಲಡ್ ಟೆಸ್ಟ್, ಮಾಡಿಸಿ. ಹೋಗೋವಾಗ ಬಾಟ್ಲೀನ ಚೀಲಕ್ಕೆ ಹಾಕ್ಕೊಂಡು ಹೋಗಿ, ಅವ್ರು ಕೇಳ್ದೆ ಇದ್ರೂ ಟೇಬಲ್ ಮೇಲಿಟ್ಟು, ಇದನ್ನ ದಿನಾ ಇಷ್ಟು ತಗೋತಿದ್ದೆ ಅಂತ ಹೇಳಿ. ಚಿಕ್ಕಮ್ಮ ಈಗ ಚೆಕಪ್ಪಿಗೆ ಹೋದಾಗೆಲ್ಲ ಮನೇಲಿರೋ ಎಲ್ಲಾ ಡಬ್ಬೀನೂ ಒಂದು ಬಟ್ಟೆ ಚೀಲದಲ್ಲಿ ಹಾಕ್ಕೊಂಡೇ ಹೋಗ್ತಾರೆ, ಕಷಾಯದ ಪುಡಿನೂ ಬಿಡದೆ. ಸಂಜೆ ಐದಕ್ಕೆ ಒಂದು ಕಪ್ ಗ್ರೀನ್ ಟೀನೂ ಕುಡೀತಾರೆ, ಬಿಸಿ ಆರಿಸಿಕೊಂಡು, ಡಾಕ್ಟ್ರನ್ನ ಕೇಳಿಕೊಂಡೇ.